ಕಂಪೌಂಡರ್ ನೀಲಕಂಠಪ್ಪನ ದವಾಖಾನೆ

"ಔಷಧ ಕೊಡೋರು ಯಾರ್ರಿ ಇಲ್ಲೆ?"

ಆ ದನಿ ಕೇಳಿದ್ದೇ ತಡ, ಪಿಯಾನೋ ನಿಂತುಬಿಟ್ಟಿತು!

ಹತ್ತಿ ವ್ಯಾಪಾರಿಯೊಬ್ಬ ಬಾಯಿಯವರೆಗೆ ಒಯ್ದಿದ್ದ ಗ್ಲಾಸನ್ನು ಅಲ್ಲೇ ಹಿಡಿದುಕೊಂಡ. ಕೆಂಪು ಮೂಗಿನ ರೈಲ್ವೆ ಸಾಹೇಬನೊಬ್ಬ ಕುರ್ಚಿಯಲ್ಲಿ ಕೂತಂತೆಯೇ ಗಿರಕ್ಕನೆ ತಿರುಗಿದ. ಹುಬ್ಬಳ್ಳಿಯ ಸ್ಟೇಶನ್ ರಸ್ತೆಯ ಆ ಬಾರು ಶುರುವಾದಂದಿನಿಂದ ಇಳಕಲ್ ಸೀರೆ ಉಟ್ಟ ಹೆಣ್ಣುಮಗಳೊಬ್ಬಳು ಅದರ ಗಾಜಿನ ಬಾಗಿಲು ದೂಡಿಕೊಂಡು ಒಳಗೆ ಬಂದದ್ದು ಅದೇ ಮೊದಲು. ಅದೂ ಕೈಯಲ್ಲಿ ಖಾಲಿ ಬಾಟ್ಲಿ ಹಿಡಿದುಕೊಂಡು!

ಬಂದವಳ ಹೆಸರು ಹೊಳೆವ್ವ. ದುರ್ಗದಬೈಲಿನ ಜವಳಿ ವ್ಯಾಪಾರಿ ಮೈಲಾರಲಿಂಗಪ್ಪನವರ ಒಬ್ಬಳೇ ಮಗಳು. ಕನ್ನಡ ಸಾಲೆಯ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಆದರೆ ಬಾಗಿಲ ಮೇಲಿನ ಬೋರ್ಡು ಇಂಗ್ಲಿಷಿನಲ್ಲಿತ್ತು. ಅವಳಿಗೆ ಬರುತ್ತಿದ್ದುದು ಕನ್ನಡ ಮಾತ್ರ.

ಅವಳು ಕಣ್ಣರಳಿಸಿ ಸುತ್ತಲೂ ನೋಡಿದಳು.

ಅಬ್ಬಬ್ಬಾ... ಎಂಥಾ ದೊಡ್ಡ ದವಾಖಾನೆ! ಗೋಡೆಯ ತುಂಬ ಕನ್ನಡಿ. ಕನ್ನಡಿಯ ಮುಂದೆ ಸಾಲು ಸಾಲು ಬಾಟ್ಲಿಗಳು. ಕೆಂಪು, ಹಳದಿ, ಹಸಿರು, ಜೇನಿನ ಬಣ್ಣ... ಬಾಟ್ಲಿಗಳ ಹಿಂದೆ ಬೆಳಕು. ಪೇಶಂಟರಂತೂ ಎಷ್ಟು ಜನ! ಪಾಪ, ಆ ಸಾಹೇಬನಿಗೆ ಜ್ವರ ತಲೆಗೇರಿರಬೇಕು, ಮೂಗು ಕೆಂಡದಂತಾಗಿದೆ. ಆದರೂ ಔಷಧವನ್ನು ಎಷ್ಟು ಖುಷಿಯಿಂದ ಕುಡಿಯುತ್ತಿದ್ದಾರಲ್ಲ ಎಲ್ಲರೂ!

"ಏ... ಏನು ಬೇಕಾಗಿತ್ರಿ?"

ಉದ್ದನೆಯ ಕಟ್ಟಿಗೆಯ ಕಟ್ಟೆಯ ಹಿಂದೆ ಒಬ್ಬ ತರುಣ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಕೋಟು. ಕೊರಳಿಗೆ ಚಿಟ್ಟೆಯಂಥ ಕರಿ ಟೈ. ಕೈಯಲ್ಲಿ ಬೆಳ್ಳಿಯಂತೆ ಹೊಳೆಯುವ, ಮುಚ್ಚಳವಿದ್ದ ಡಬ್ಬಿ. ಅದನ್ನು ಆಡಿಸುತ್ತಿದ್ದವನು ಅವಳನ್ನು ಕಂಡು ಆಡಿಸುವುದನ್ನೇ ಮರೆತಿದ್ದ.

ಇವರೇ! ಹೊಳೆವ್ವನ ಎದೆ ಧಸಕ್ಕೆಂದಿತು.

ವಿಷಯ ಏನೆಂದರೆ, ಉಪ್ಪಿನಬೆಟಗೇರಿಯ ಮುದಕವ್ವ ಎಂಬಾಕೆ ತನ್ನ ತಮ್ಮನ ಮಗನಿಗೆ ಹೊಳೆವ್ವನನ್ನು ಕೇಳಿದ್ದಳು. "ಹುಡುಗ ನೀಲಕಂಠಪ್ಪ ಬಂಗಾರದಂಥಾಂವ. ಹುಬ್ಬಳ್ಳ್ಯಾಗ ದೊಡ್ಡ ಕಂಪೌಂಡರ್ ಅದಾನ. ಹತ್ತು ಬಾಟ್ಲಿ ನೋಡಿ, ಅಳತಿ ಹಿಡದು, ಕೂಡಿಸಿ ಕೊಡ್ತಾನ. ಸಾಹೇಬರೆಲ್ಲಾ ಇಂವನ ಕೈಗುಣಕ್ಕ ಕಾಯ್ಕೊಂಡು ಕುಂತಿರ್ತಾರ!" ಎಂದು ಹೇಳಿಹೋಗಿದ್ದಳು.

ಹುಡುಗ ತನ್ನನ್ನು ನೋಡಲು ಬರುವ ಮೊದಲೇ ತಾನೇ ಅವನನ್ನು ನೋಡಿಬಿಟ್ಟರೆ? ಅಜ್ಜಿ ಹನುಮವ್ವನಿಗೆ ಕೆಮ್ಮು ಇದ್ದೇ ಇತ್ತು. ಹೊಳೆವ್ವ ಬಾಟ್ಲಿ ಹಿಡಿದು ಗುಲಾಬಸಾಬನ ಟಾಂಗಾ ಹತ್ತಿದ್ದಳು.

"ನೀಲಕಂಠಪ್ಪ ಕಂಪೌಂಡರ್ ಅಂತ ಯಾರೂ ಗೊತ್ತಿಲ್ಲ ತಂಗಿ," ಎಂದಿದ್ದ ಗುಲಾಬಸಾಬ. "ಬಾಟ್ಲಿ ಕೂಡಸೋ ನೀಲಕಂಠಪ್ಪ ಗೊತ್ತದಾನ."

"ಅವರೇ, ಅವರೇ! ನಡೀರಿ ಕಾಕಾ, ಲಗೂ!"

ಗುಲಾಬಸಾಬ ಒಮ್ಮೆ ಅವಳ ಮುಖ ನೋಡಿದ. ಒಮ್ಮೆ ಕುದುರೆಯ ಮುಖ ನೋಡಿದ. ಇಬ್ಬರೂ ಏನೂ ಹೇಳದಿದ್ದಾಗ ಟಾಂಗಾ ಹೊಡೆದ.

"ನಮ್ಮ ಆಯಿಗೆ ಕೆಮ್ಮು ಅದರಿ," ಎಂದಳು ಈಗ ಹೊಳೆವ್ವ, ಬಾಟ್ಲಿಯನ್ನು ಕಟ್ಟೆಯ ಮೇಲಿಡುತ್ತ. "ಛಲೋ ನೋಡಿ ಔಷಧ ಕೊಡ್ರಿ."

ನೀಲಕಂಠಪ್ಪ ಖಾಲಿ ಬಾಟ್ಲಿಯನ್ನು ಎತ್ತಿ ನೋಡಿ ಮತ್ತೆ ಕಟ್ಟೆಯ ಮೇಲಿಟ್ಟ.

ಬಾಯಿಗೆ ಕೈ ಅಡ್ಡ ಹಿಡಿದು ಹತ್ತಿ ವ್ಯಾಪಾರಿ ನಗತೊಡಗಿದ್ದ. 'ಈ ಹುಡುಗಿಗೆ ಇದು ಶೆರೆಯಂಗಡಿ ಅಂತ ಇಷ್ಟು ಜನರ ಮುಂದೆ ಹೇಳಿದರೆ ನಾಚಿಕೆಯಿಂದ ಸತ್ತೇ ಹೋದಾಳು,' ಎಂದುಕೊಂಡ ನೀಲಕಂಠಪ್ಪ. ನಗುವವನ ಕಡೆ ಒಮ್ಮೆ ಕೆಕ್ಕರಿಸಿ ನೋಡಿದ. ನಗು ನಿಂತಿತು.

"ಕಫ ಬೀಳ್ತದೇನ್ರಿ? ಇಲ್ಲಾ ಒಣ ಕೆಮ್ಮೇನ್ರಿ?" ಎಂದ ಮೆಲ್ಲಗೆ.

"ಒಣ ಕೆಮ್ಮು ರೀ."

ಅವನು ಹಸಿಶುಂಠಿ ಜಜ್ಜಿ ಹಿಂಡಿದ. ನಿಂಬೆಹಣ್ಣು ಕೊಯ್ದ. ಮೆಣಸು, ಲವಂಗ ಕುಟ್ಟಿ ಬಿಸಿನೀರಿಗೆ ಹಾಕಿ, ಮೇಲೆ ಜೇನುತುಪ್ಪ ಸುರಿದ. ಎಲ್ಲವನ್ನೂ ಆ ಡಬ್ಬಿಗೆ ತುಂಬಿ, ಎಂದಿನ ರೂಢಿಯಂತೆ ಭುಜದ ಮೇಲೆತ್ತಿ ಗಡಗಡ ಆಡಿಸಿದ... ಹುಡುಗಿ ನೋಡುತ್ತಿದ್ದಾಳೆಂಬ ಗಡಿಬಿಡಿಯಲ್ಲಿ ಒಮ್ಮೆ ಗಾಳಿಯಲ್ಲಿ ತೂರಿ, ಬೆನ್ನ ಹಿಂದಿನಿಂದ ಹಿಡಿದೂಬಿಟ್ಟ!

ಹೊಳೆವ್ವ ಕಟ್ಟೆಯ ಮೇಲೆ ಬಾಗಿ ನೋಡಿದಳು. ಧಾರವಾಡದ ಸಿವಿಲ್ ದವಾಖಾನೆಯಲ್ಲೂ ಹೀಗೆ ಔಷಧ ಮಾಡುವುದನ್ನು ಅವಳು ಕಂಡಿರಲಿಲ್ಲ!

"ಊಟಕ್ಕ ಮೊದಲು ಕೊಡಬೇಕೋ, ಆಮ್ಯಾಲೋ?"

"ಎರಡೂ ಹೊತ್ತು... ಅಂದ್ರ... ಯಾವಾಗ ಕೊಟ್ರೂ ನಡೀತದರಿ."

ಅವನು ರೊಕ್ಕ ಮುಟ್ಟಲಿಲ್ಲ. ಬಾಗಿಲವರೆಗೆ ಬಂದು, ಟಾಂಗಾದ ಮೆಟ್ಟಿಲು ಎತ್ತರವೆಂದು ಒಂದು ಸ್ಟೂಲು ತಂದಿಟ್ಟ. ಟಾಂಗಾ ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದ.

ಹೊಳೆವ್ವ ತಿರುಗಿ ನೋಡಲಿಲ್ಲ. ಆದರೂ ಅವನು ನಿಂತದ್ದು ಅವಳಿಗೆ ಗೊತ್ತಾಯಿತು... ಹೇಗೋ!

* * *

ಆಯಿಯ ಕೆಮ್ಮು ಕಡಿಮೆಯಾಯಿತು. ಅಷ್ಟೇ ಅಲ್ಲ, ಹಾಸಿಗೆ ಹಿಡಿದಿದ್ದ ಹನುಮವ್ವ ಎದ್ದು ಕೂತು ಸೊಸೆಯಂದಿರಿಲ್ಲದ ಮನೆಯಲ್ಲಿ ಯಾರನ್ನು ಬೈಯಬೇಕೆಂದು ತಿಳಿಯದೆ ಬೆಕ್ಕನ್ನು ಬೈಯತೊಡಗಿದಳು. ತಾಯಿ ಇಲ್ಲದ ಹೊಳೆವ್ವನನ್ನು ಸಾಕಿ ಬೆಳೆಸಿದವಳು ಈ ಆಯಿಯೇ. ಆಕೆಯ ಗಂಟಲು ತೆರೆದರೆ ಮನೆಗೇ ಕಳೆ.

"ಅಮೃತ ಇದ್ದಂಗ ಅದ ಬಿಡವಾ! ಮುಗದ ಹೋತು. ಇನ್ನೊಂದು ಬಾಟ್ಲಿ ತಗೊಂಬಾ."

ಹೊಳೆವ್ವನಿಗೂ ಅದೇ ಬೇಕಾಗಿತ್ತು!

ಎರಡನೆಯ ಸಲ ಅವಳು ಹೋದದ್ದು ಇಳಿಹೊತ್ತಿನಲ್ಲಿ. ಪೇಶಂಟರು ಇನ್ನೂ ಬಂದಿರಲಿಲ್ಲ. ನೀಲಕಂಠಪ್ಪ ಒಬ್ಬನೇ ಗ್ಲಾಸು ಒರೆಸುತ್ತಿದ್ದ. ಅವಳನ್ನು ಕಂಡು ಗ್ಲಾಸು ಬೀಳಿಸಿದ.

ಔಷಧ ಕೊಟ್ಟ ಮೇಲೆ ಅವನು ಕೈ ಕೈ ಹೊಸಕಿಕೊಂಡ. ಮುಖ ಕೆಂಪಾಯಿತು.

"ನಿಮಗ ಒಂದು ಮಾತು ಹೇಳಬೇಕಾಗೇದರಿ... ಮೊದಲನೇ ದಿನಾನ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಕೇಳಿದ ಮ್ಯಾಲೆ ನೀವು ಸಿಟ್ಟಾಗಬಾರದು..."

ಅಯ್ಯೋ! ಹೊಳೆವ್ವನ ಕಿವಿ ಬಿಸಿಯಾದವು. ಹೇಳೇಬಿಡುತ್ತಾರೇನು? ಈಗಲೇ? ಮನೆಯವರೆಲ್ಲ ಕೂತು ಮಾತಾಡುವ ಮೊದಲೇ?

"ಈಗ ಬ್ಯಾಡ್ರಿ!" ಎಂದುಬಿಟ್ಟಳು. "ಎಲ್ಲಾ ಹಿರ್ಯಾರು ಮಾತಾಡ್ತಾರಲ್ಲ..."

"ಹಿರ್ಯಾರು? ಯಾವ ಹಿರ್ಯಾರು ರೀ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು. ಟಾಂಗಾದಲ್ಲಿ ಕೂತ ಮೇಲೂ ಎದೆ ಹೊಡೆದುಕೊಳ್ಳುತ್ತಿತ್ತು. ಕಟ್ಟೆಯ ಹಿಂದೆ ನೀಲಕಂಠಪ್ಪ ಮಾತ್ರ, ಶೆರೆಯಂಗಡಿಯ ಸಂಗತಿಗೂ ಹಿರಿಯರಿಗೂ ಏನು ಸಂಬಂಧವೆಂದು ತಲೆ ಕೆರೆದುಕೊಳ್ಳುತ್ತ ನಿಂತ.

* * *

ಮರುದಿನ ಮುಂಜಾನೆ ಮೈಲಾರಲಿಂಗಪ್ಪನವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಪಾನನಿಷೇಧದ ಗಾಳಿ ಊರ ತುಂಬ ಬೀಸುತ್ತಿತ್ತು. ದುರ್ಗದಬೈಲಿನ ಪಾನನಿಷೇಧ ಮಂಡಳಿಗೆ ಅವರೇ ಅಧ್ಯಕ್ಷರು. ಬರುವ ಶನಿವಾರ ಸಂಜೆ ಮೆರವಣಿಗೆ ಇತ್ತು. ಅವರ ಭಾಷಣವೂ ಇತ್ತು.

ಆಗ ಗುಲಾಬಸಾಬ ಟಾಂಗಾ ನಿಲ್ಲಿಸಿ, ಒಳ್ಳೆಯ ಮನಸ್ಸಿನಿಂದಲೇ ಕೂಗಿದ:

"ತಂಗೀ ಹೊಳೆವ್ವಾ! ಆಯಿ ಕೆಮ್ಮು ಹೆಂಗದ? ಇವತ್ತೂ ಬಾರಿಗೆ ಹೋಗೋದದ ಏನು?"

ಮೈಲಾರಲಿಂಗಪ್ಪನವರ ಬಸಿಯೊಳಗಿನ ಚಹಾ ಧೋತರದ ಮೇಲೆ ಚೆಲ್ಲಿತು.

"ಎಲ್ಲಿಗೆ?"

"ಸ್ಟೇಶನ್ ರಸ್ತೇದ ಬಾರಿಗೆ ರೀ ಮಾಲಕ್ರ. ಶೆರಿ ಕುಡಿಯೋ ಬಾರು. ಸಾಹೇಬರು ಬರ್ತಾರಲ್ಲ, ಅದು. ನೀಲಕಂಠಪ್ಪ ಕಾಕಟೇಲ್ ಮಾಡ್ತಾನ. ಅಂದ್ರ ಇಂಗ್ರೇಜಿಯೊಳಗ ಹುಂಜದ ಬಾಲ ಅಂತ್ರಿ."

"ಹುಂಜದ ಬಾಲ ಹಾಕ್ತಾರ?" ಒಳಗಿನಿಂದ ಆಯಿ ಚೀರಿದಳು. "ಶಿವನೇ! ನಾ ಎರಡು ಬಾಟ್ಲಿ ಕುಡದೇನಲ್ಲೋ!"

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಹೊಳೆವ್ವ ಎಲ್ಲವನ್ನೂ ಕೇಳಿಸಿಕೊಂಡಳು. ದವಾಖಾನೆಯಲ್ಲ... ಬಾರು! ಪೇಶಂಟರಲ್ಲ... ಕುಡುಕರು! ಹಾಗಾದರೆ ಅವರೆಲ್ಲ ನಕ್ಕಿದ್ದು ತನ್ನನ್ನು ನೋಡಿ. ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದೆನಲ್ಲ, ಅಯ್ಯೋ... ಅವನೂ ಒಳಗೊಳಗೆ ನಕ್ಕಿರಬೇಕು. ನಗುತ್ತಲೇ ಮುದುಕಿಗೆ ಶೆರೆ ಕುಡಿಸಿದನೇ?

ಮೈಲಾರಲಿಂಗಪ್ಪನವರು ಕೂಗಾಡಿದ ಕೂಗಾಟ ಓಣಿಯ ಆ ತುದಿಗೆ ಕೇಳಿಸಿತು. ಅವರ ಸಿಟ್ಟಿಗೆ ಕಾರಣವಿತ್ತು. ಅವರ ತಂದೆ ಕುಡಿದು ಕುಡಿದೇ ಹೊಲ ಕಳೆದು, ಹೆಂಡತಿಯ ತಾಳಿ ಕಳೆದು, ಕೊನೆಗೆ ಒಂದು ದಿನ ಗಟಾರದ ಬದಿಗೆ ಸತ್ತುಬಿದ್ದಿದ್ದರು. ಆ ಹೆಣ ಹೊತ್ತು ತಂದಾಗ ಮೈಲಾರಲಿಂಗಪ್ಪ ಇನ್ನೂ ಸಾಲಿಗೆ ಹೋಗುವ ಹುಡುಗ. ಈ ಕತೆ ಕೇಳುತ್ತಲೇ ಬೆಳೆದವಳು ಹೊಳೆವ್ವ. ಆ ಮನೆಯಲ್ಲಿ ಶೆರೆಯ ಹೆಸರು ಎತ್ತುವುದೆಂದರೆ ಸತ್ತವರ ಹೆಸರು ಎತ್ತಿದಂತೆ.

"ಈ ಸಂಬಂಧ ಇಲ್ಲಿಗೆ ಮುಗೀತು! ಶನಿವಾರ ಮೆರವಣಿಗಿ ಸೀದಾ ಆ ಬಾರಿನ ಮುಂದ ಹೋಗಿ ನಿಲ್ತದ!"

ಅಷ್ಟರಲ್ಲಿ, ಹಿಂದಿನ ದಿನವೇ ಉಪ್ಪಿನಬೆಟಗೇರಿಯಿಂದ ಬಂದು ತಮ್ಮನ ಮಗನ ಹತ್ತಿರ ಉಳಿದಿದ್ದ ಮುದಕವ್ವ ಬಂದಳು. ಅವಳ ಮುಖವೂ ಇಳಿದಿತ್ತು.

"ತಪ್ಪು ತಿಳಕೋಬ್ಯಾಡ್ರಿ... ನಮ್ಮ ಹುಡುಗ ಈ ಲಗ್ನ ಒಲ್ಲೆ ಅಂತಾನ್ರಿ."

"ಅಂವ ಒಲ್ಲೆ ಅಂತಾನ? ನಾವ ಒಲ್ಲೆ ಅಂತೇವಿ!"

"ನೀವು ಈಗ ಅಂದ್ರಿ. ಅಂವ ನಿನ್ನೆ ರಾತ್ರಿನ ಅಂದಾನ್ರಿ."

ಹೊಳೆವ್ವ ಅಡುಗೆಮನೆಗೆ ಹೋಗಿ ಹೊಗೆಯ ನೆಪದಲ್ಲಿ ಅತ್ತಳು. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ!

ಎರಡು ಸಲ ತನ್ನನ್ನು ನೋಡಿದ. ನೋಡಿ, ಬೇಡವೆಂದ. ಹೇಳಬೇಕೆಂದಿದ್ದ ಮಾತು ಅದೇ ಇರಬೇಕು, ಸಿಟ್ಟಾಗಬಾರದು ಎಂದನಲ್ಲ... ಹೋಗಲಿ ಬಿಡು. ಶೆರೆ ಮಾರುವವನು ತನಗೇಕೆ? ಹಾಗೆಂದು ಅವಳು ಮತ್ತೆ ಮತ್ತೆ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅಳು ಬಂತು.

* * *

ಶನಿವಾರ ಬಂತು. ಎರಡು ದಿನ ಕೂಗಾಡಿದ್ದಕ್ಕೆ ಮೈಲಾರಲಿಂಗಪ್ಪನವರ ಗಂಟಲು ಬಿದ್ದುಹೋಗಿತ್ತು. ಭಾಷಣ ಮಾಡಬೇಕಾದವರು ಕೋಳಿಮರಿಯಂತೆ ಕಿಂಯ್ ಕಿಂಯ್ ಎನ್ನುತ್ತಿದ್ದರು. ಆದರೂ ಟೊಪ್ಪಿಗೆ ಹಾಕಿಕೊಂಡು ಮಂಡಳಿಯ ಜನರನ್ನು ಕೂಡಿಸಲು ಹೋದರು.

ಅವರು ಓಣಿ ದಾಟಿದ್ದೇ ತಡ, ಆಯಿ ಕೋಲು ಹಿಡಿದು ಎದ್ದಳು.

"ಹೊಳೆವ್ವಾ, ಸೀರಿ ಉಟ್ಕೋ. ಆ ಹುಡುಗನ ಕಡೆ ಹೋಗೂಣು."

"ಆಯಿ! ಯಾಕ?"

"ಅದರಾಗ ಶೆರಿ ಇತ್ತು ಅಂತ ನಿಮ್ಮಪ್ಪ ಅಂತಾನ. ನಿಮ್ಮ ಅಜ್ಜನ ಜೋಡಿ ಇಪ್ಪತ್ತು ವರ್ಷ ಬಾಳೇವಿ ಮಾಡೇನವಾ. ಹತ್ತು ಮಾರು ದೂರಿಂದ ಶೆರಿ ವಾಸನಿ ಹಿಡೀತದ ಈ ಮೂಗು. ಆ ಬಾಟ್ಲ್ಯಾಗ ಶುಂಠಿ ಇತ್ತು, ಲಿಂಬಿ ಇತ್ತು, ಶೆರಿ ಇದ್ದಿದ್ದಿಲ್ಲ. ಆ ಬಾಲದ್ದೊಂದ ಸಂಶೇ ಅದ. ಅದನ್ನ ಕೇಳಬೇಕು."

ಹೊಳೆವ್ವ ಬೇಡವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕೈಗಳೇ ಸೀರೆಯ ನಿರಿಗೆ ಹಿಡಿಯತೊಡಗಿದ್ದವು.

ಬಾರಿನಲ್ಲಿ ಆಗತಾನೆ ದೀಪ ಹಚ್ಚಿದ್ದರು. ಹನುಮವ್ವ ಒಳಗೆ ಬಂದ ರೀತಿಗೆ ರೈಲ್ವೆ ಸಾಹೇಬ ತನಗರಿವಿಲ್ಲದೆ ಎದ್ದುನಿಂತ. ಪಿಯಾನೋದವನೂ ಎದ್ದ. ಕುಳಿತುಕೊಳ್ಳಲು ಕಟ್ಟೆಯ ಮುಂದಿನ ಎತ್ತರದ ಸ್ಟೂಲು ಬಿಟ್ಟರೆ ಹತ್ತಿರದಲ್ಲಿ ಬೇರೇನೂ ಇರಲಿಲ್ಲ. ಟಾಂಗಾ ನಿಲ್ಲಿಸಿ ಹಿಂದೆಯೇ ಬಂದ ಗುಲಾಬಸಾಬ ಒಂದು ಕಡೆ, ಸಾಹೇಬ ಇನ್ನೊಂದು ಕಡೆ ಹಿಡಿದು ಅವಳನ್ನು ಮೇಲೆ ಕೂಡಿಸಿದರು. ಮುದುಕಿಯ ಕಾಲು ನೆಲ ಬಿಟ್ಟು ಜೋತಾಡಿದವು.

"ಏ ತಮ್ಮಾ," ಎಂದಳು ಆಯಿ. "ಖರೇ ಹೇಳು. ನನ್ನ ಔಷಧದಾಗ ಹುಂಜದ ಬಾಲ ಹಾಕಿದ್ದೀ ಏನು?"

"ಇಲ್ರಿ ಆಯಿ! ಆಣಿ ಮಾಡಿ ಹೇಳ್ತೇನಿ. ಹುಂಜದ ಬಾಲ ಇಲ್ಲೆ ಯಾವುದರಾಗೂ ಹಾಕೂದಿಲ್ರಿ. ಅದು ಬರೇ ಹೆಸರು."

"ಶೆರಿ?"

"ಒಂದು ಹನಿನೂ ಇಲ್ರಿ."

"ನೀ ಕುಡೀತೀ ಏನು?"

"ಇಲ್ರಿ. ರುಚಿ ನೋಡಾಕ ನಾಲಿಗಿ ಮ್ಯಾಲೆ ಒಂದು ಹನಿ ಇಟ್ಟು ಉಗಳಿ ಬಿಡ್ತೇನಿ. ಗಂಟಲ ಕೆಳಗ ಇಳಿಸಿಲ್ಲ."

"ಹೆಸರಿಗೆ ತಕ್ಕಂಗ ಅದೀ ಬಿಡು. ಆ ನೀಲಕಂಠನೂ ವಿಷ ಗಂಟಲದಾಗ ತಡದಾಂವನ."

ಹೊಳೆವ್ವ ಆಯಿಯ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ.

"ಅಷ್ಟು ಖರೇ ಮಂದಿ ಇದ್ರ, ಇದು ದವಾಖಾನಿ ಅಲ್ಲಾ ಅಂತ ಮೊದಲ ಯಾಕ ಹೇಳಲಿಲ್ಲ? ನಾ ಹುಚ್ಚಿಗತೆ ಮಾತಾಡೂದು ಕೇಳಿ ನಗಾಕ ಛಲೋ ಆತೇನು?"

ನೀಲಕಂಠಪ್ಪ ಕಟ್ಟೆ ಬಿಟ್ಟು ಈಚೆ ಬಂದ.

"ನಾ ನಗಲಿಲ್ರಿ. ಎರಡನೇ ಸಲ ಹೇಳಬೇಕಂದೆ, ನೀವು ಓಡಿ ಹೋದ್ರಿ. ತಪ್ಪು ನಂದ. ಮೊದಲನೇ ದಿನಾನ ಹೊರಗ ಕರದು ಹೇಳಬೇಕಿತ್ತು. ಹೇಳಿದ್ರ..." ಅವನು ಕೊರಳ ಟೈ ಎಳೆದುಕೊಂಡ. "ಹೇಳಿದ್ರ ನೀವು ಮತ್ತ ಬರ್ತಿದ್ದಿಲ್ಲ."

ಪಿಯಾನೋದವನು ಸದ್ದಾಗದಂತೆ ಪಿಯಾನೋ ಮುಚ್ಚಿದ.

"ಬರಬೇಕಾಗಿತ್ತೇನು ನಾ?" ಹೊಳೆವ್ವನ ಕಣ್ಣು ತುಂಬಿದವು. "ನನ್ನ ಒಲ್ಲೆ ಅಂದ್ರಲ್ಲ!"

"ನಿಮ್ಮನ್ನ? ಯಾವಾಗ ಅಂದೆ ರೀ? ನಿಮ್ಮ ಹೆಸರೂ ನನಗ ಗೊತ್ತಿಲ್ಲ! ನಾ ಒಲ್ಲೆ ಅಂದದ್ದು ಅದ್ಯಾರೋ ದುರ್ಗದಬೈಲಿನ ಮೈಲಾರಲಿಂಗಪ್ಪನವರ ಮಗಳಿಗೆ! ನಮ್ಮತ್ತಿ ನನ್ನ ಕೇಳದ ಮಾತುಕತಿ ಮಾಡಿ ಬಂದಾಳ. 'ಅತ್ತಿ, ಬಾಟ್ಲಿ ಹಿಡಕೊಂಡು ಒಬ್ಬಾಕಿ ಬರ್ತಾಳ, ಆಕಿ ಮ್ಯಾಲೆ ನನ್ನ ಮನಸು ಅದ. ಆಕಿ ಬಿಟ್ಟು ಬ್ಯಾರೆ ಯಾರನ್ನೂ ಮಾಡ್ಕೊಳ್ಳೂದಿಲ್ಲ' ಅಂತ ಹೇಳಿಬಿಟ್ಟೆ!"

ಹೊಳೆವ್ವನಿಗೆ ಅಳುವ ನಡುವೆಯೇ ನಗು ಬಂತು. ನಗುವಿನ ನಡುವೆ ಮತ್ತೆ ಅಳು ಬಂತು.

"ಮೈಲಾರಲಿಂಗಪ್ಪನವರ ಮಗಳು... ನಾನ ರೀ!"

ನೀಲಕಂಠಪ್ಪ ಕೈಗೆ ಸಿಕ್ಕ ಕುರ್ಚಿಯ ಮೇಲೆ ಕುಸಿದು ಕೂತ. ಅದು ಹತ್ತಿ ವ್ಯಾಪಾರಿಯ ತೊಡೆಯಾಗಿತ್ತು.

* * *

ಆಗಲೇ ಹೊರಗೆ ಘೋಷಣೆ ಕೇಳಿಸಿತು. "ಶೆರೆಗೆ ಧಿಕ್ಕಾರ! ಶೆರೆಗೆ ಧಿಕ್ಕಾರ!"

ಬಾಗಿಲು ಧಡಾರನೆ ತೆರೆಯಿತು. ಮುಂದೆ ಮೈಲಾರಲಿಂಗಪ್ಪನವರು. ಹಿಂದೆ ಮಂಡಳಿಯ ಜನ, ಧ್ವಜ, ತಾಳ.

ಅವರು ಕಂಡದ್ದು ಇಷ್ಟು. ಬಾರಿನ ನಟ್ಟನಡುವೆ ಎತ್ತರದ ಸ್ಟೂಲಿನ ಮೇಲೆ ಹೆತ್ತ ತಾಯಿ. ಕೈಯಲ್ಲಿ, ಬಾರಿನ ಇನ್ನೊಬ್ಬ ಹುಡುಗ ಅಷ್ಟರಲ್ಲಿ ಮಾಡಿಕೊಟ್ಟಿದ್ದ ಶುಂಠಿ ಔಷಧದ ಬಿಸಿ ಗ್ಲಾಸು. ಬಾಜೂಕ್ಕೆ ಕೆಂಪು ಮೂಗಿನ ಸಾಹೇಬ ಅವಳಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಾನೆ!

"ಕಿಂಯ್!" ಎಂದರು ಮೈಲಾರಲಿಂಗಪ್ಪನವರು. "ಯವ್ವಾ!" ಎಂದು ಕೂಗಬೇಕೆಂದಿದ್ದರು. ಅಷ್ಟೇ ಹೊರಟಿತು.

"ಬಾರೋ ಮೈಲಾರಿ," ಎಂದಳು ತಾಯಿ. "ಗಂಟಲು ಹರದು ಬಿದ್ದದ. ಇದನ್ನ ಕುಡಿ."

ಅವರು ಹಿಂದೆ ಸರಿದರು. ತಲೆ ಅಲ್ಲಾಡಿಸಿದರು.

ಆಯಿಯ ದನಿ ಒಮ್ಮೆಲೆ ಮೆತ್ತಗಾಯಿತು. "ನಿಮ್ಮಪ್ಪ ಕುಡದು ಬಂದಾಗೆಲ್ಲಾ ನನ್ನ ಸೆರಗಿನಾಗ ಅಡಗಿ ಕೂಡ್ತಿದ್ದೆಲ್ಲೋ, ಮಗನ. ಶೆರಿ ಇದ್ದದ್ದನ್ನ ನಾ ನಿನಗ ಕೊಡ್ತೇನೇನು? ವಾಸನಿ ನೋಡು ಮೊದಲ."

ಮೈಲಾರಲಿಂಗಪ್ಪನವರು ತಾಯಿಯ ಮುಖವನ್ನೇ ನೋಡಿದರು. ಆಮೇಲೆ ಗ್ಲಾಸು ಮೂಸಿದರು. ಒಂದು ಗುಟುಕು ಕುಡಿದರು. ಇನ್ನೊಂದು. ಬಾಗಿಲಲ್ಲಿ ಮಂಡಳಿಯ ಜನ ಕಣ್ಣು ಕಣ್ಣು ಬಿಡುತ್ತಿದ್ದರು. ಅಧ್ಯಕ್ಷರು... ಬಾರಿನಲ್ಲಿ ನಿಂತು... ಗ್ಲಾಸು ಖಾಲಿ ಮಾಡುತ್ತಿದ್ದಾರೆ!

"ಶೆರಿ ಇಲ್ರೋ ಇದರಾಗ!" ಎಂದು ಅವರು ಕೂಗಿದರು. ದನಿ ಒಡೆದಿತ್ತು, ಆದರೂ ದನಿಯೇ! "ಶುಂಠಿ ಅದ! ಛಲೋ ಅದ!"

ಏಪ್ರಿಲ್ ತಿಂಗಳ ಧಗೆಯಲ್ಲಿ ದುರ್ಗದಬೈಲಿನಿಂದ ಕೂಗುತ್ತ ಬಂದ ಜನ. ಎಲ್ಲರಿಗೂ ಗಂಟಲು ಒಣಗಿತ್ತು. ಒಬ್ಬ ಕೇಳಿದ. ಹತ್ತು ಜನ ಕೇಳಿದರು. ಅವರಿಗಾಗಿ ನೀಲಕಂಠಪ್ಪ ಶುಂಠಿ ಲಿಂಬಿಗೆ ಬರ್ಫ ಹಾಕಿ ತಂಪಗೆ ಮಾಡಿಕೊಟ್ಟ. ಅವನು ಡಬ್ಬಿ ಆಡಿಸಿದ್ದೇ ಆಡಿಸಿದ್ದು. ಬಾರಿನಲ್ಲಿದ್ದ ಲಿಂಬೆಹಣ್ಣೆಲ್ಲ ತೀರಿ, ಗುಲಾಬಸಾಬ ಟಾಂಗಾ ಹೊಡೆದುಕೊಂಡು ಬಾಜಾರಕ್ಕೆ ಹೋಗಬೇಕಾಯಿತು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಬಾರಿನ ಮಾಲಕ ಮಾತ್ರ, ತನ್ನ ಬಾರು ಮುಚ್ಚಿಸಲು ಬಂದವರಿಂದಲೇ ಇಷ್ಟು ವ್ಯಾಪಾರವಾಗುತ್ತಿದೆಯಲ್ಲ ಎಂದು ದಂಗಾಗಿ ಕೂತಿದ್ದ.

ಜನ ಕರಗಿದ ಮೇಲೆ ಮೈಲಾರಲಿಂಗಪ್ಪನವರು ನೀಲಕಂಠಪ್ಪನ ಎದುರು ನಿಂತರು.

"ನೀ ಕುಡಿಯೂದಿಲ್ಲ ಅಂತಾಳ ನಮ್ಮವ್ವ. ನಂಬತೇನಿ. ಆದ್ರ ಕುಡಸ್ತೀ. ಅದೂ ಇದೂ ಒಂದ."

ನೀಲಕಂಠಪ್ಪ ತಲೆ ತಗ್ಗಿಸಿದ.

"ಹೌದ್ರಿ. ಹತ್ತು ರುಚಿ ಕೂಡಿಸಿ ಹನ್ನೊಂದನೇದು ಮಾಡೂದು ನನಗ ಭಾಳ ಸೇರ್ತದ. ಅದನ್ನ ಕಲಿಸಿದ್ದು ಈ ಜಾಗಾನ. ಯಾರ ಮನಿ ಹಾಳಾಗ್ತದ ಅಂತ ವಿಚಾರ ಮಾಡಲಿಲ್ಲ. ಬಿಡ್ತೇನ್ರಿ. ಆದ್ರ ನಾಳೆ ಅಲ್ಲ. ಬ್ಯಾರೆ ಮನಷ್ಯಾ ಸಿಗೂತನಕ ಮಾಲಕರನ್ನ ನಡನೀರಾಗ ಬಿಟ್ಟು ಬರಾಂಗಿಲ್ಲ. ಅವರ ಅನ್ನ ಉಂಡೇನಿ."

ಮೈಲಾರಲಿಂಗಪ್ಪನವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ನಾಳೆಯೇ ಬಿಡುತ್ತೇನೆ ಎಂದಿದ್ದರೆ ಅವರು ನಂಬುತ್ತಿರಲಿಲ್ಲವೇನೋ.

"ಬಿಟ್ಟ ಮ್ಯಾಲೆ ಮನಿಗೆ ಬಾ," ಎಂದರು. "ಕನ್ಯಾ ನೋಡಾಕ."

* * *

ಮಳೆಗಾಲ ಶುರುವಾಗುವ ಹೊತ್ತಿಗೆ ದುರ್ಗದಬೈಲಿನಲ್ಲಿ ಬಾರು ಬಿಟ್ಟ ನೀಲಕಂಠಪ್ಪನ ಹೊಸ ಶರಬತ್ತಿನ ಅಂಗಡಿ ಎದ್ದಿತು. ಕನ್ನಡಿ ಇತ್ತು, ಬಣ್ಣದ ಬಾಟ್ಲಿಗಳಿದ್ದವು. ಸಂಜೆಗೆ ಅಲ್ಲಿ ಹಾರ್ಮೋನಿಯಂ ಬಾರಿಸುವವನೂ ಬಂದು ಕೂರುತ್ತಿದ್ದ. ಕೆಂಪು ಮೂಗಿನ ಸಾಹೇಬ ಎರಡು ಸಲ ಬಂದ. ಏನೋ ಕಡಿಮೆಯಾಗಿದೆ ಎಂದು ಎರಡು ಸಲವೂ ಗೊಣಗಿ ಹೋದ.

ಅಂಗಡಿ ತೆರೆದ ಮರುಸೋಮವಾರವೇ ಕನ್ಯಾ ನೋಡುವ ಶಾಸ್ತ್ರ. ಮುದಕವ್ವ ಪಡಸಾಲೆಯಲ್ಲಿ ಗತ್ತಿನಿಂದ ಕೂತಿದ್ದಳು. ಹೊಳೆವ್ವ ಅವಲಕ್ಕಿ ತಂದಿಟ್ಟು ತಲೆ ತಗ್ಗಿಸಿ ಕೂತಳು.

"ನಿನ್ನ ಹೆಸರೇನವಾ?" ಎಂದಳು ಮುದಕವ್ವ, ಗೊತ್ತೇ ಇಲ್ಲದವಳಂತೆ.

"ಹೊಳೆವ್ವ ರೀ."

"ತಮ್ಮಾ, ನೀ ಏನರ ಕೇಳಾಂವೇನು?"

ನೀಲಕಂಠಪ್ಪ ಅವಲಕ್ಕಿ ನುಂಗಲಾರದೆ ತಲೆ ಅಲ್ಲಾಡಿಸಿದ. ಆಮೇಲೆ ಬಿಕ್ಕಳಿಕೆ ಹತ್ತಿತು. ಹಿರಿಯರು ಸಮ್ಮತಿಯ ಮಾತಿಗೆ ಇಳಿದಾಗ ಅವನು ಮೆಲ್ಲಗೆ ಹಿತ್ತಲಿಗೆ ಎದ್ದುಹೋದ.

ಅಷ್ಟರಲ್ಲೇ ಒಳಗೆ ಎದ್ದುಹೋಗಿದ್ದ ಹೊಳೆವ್ವ ಅಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದು ನಿಂತಿದ್ದಳು.

"ತಗೋರಿ."

ಅವನು ಕುಡಿದ. ಒಂದೇ ಉಸಿರಿಗೆ, ಕಣ್ಣು ಮುಚ್ಚಿ. ಬಿಕ್ಕಳಿಕೆ ನಿಂತಿತು. ತಂಬಿಗೆ ಮರಳಿ ಕೊಡಲಿಲ್ಲ.

"ಏನು ಹಾಕೀರಿ ಇದರಾಗ?"

"ಏನೂ ಹಾಕಿಲ್ರಿ. ಬರೇ ಬಾವಿ ನೀರು."

"ಇಲ್ಲ. ಏನೋ ಅದ... ನನಗ ತಿಳೀವಲ್ದು."

ಹೊಳೆವ್ವ ಮೊದಲ ಸಲ ತಲೆ ಎತ್ತಿ, ನೆಟ್ಟಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ತಿಳೀಬೇಕಂದ್ರ ದಿನಾ ಕುಡೀಬೇಕಾಗ್ತದರಿ," ಎಂದಳು.

"ದಿನಾ ಕೊಡ್ತೀರೇನು?"

"ನೀವು ಬ್ಯಾಡ ಅನ್ನೂತನಕ."

"ಹಂಗಾರ ಮುಗೀತು," ಎಂದ ನೀಲಕಂಠಪ್ಪ, ತಂಬಿಗೆಯನ್ನು ಅವಳ ಕೈಗಿಡುತ್ತ, ಕೈ ಬಿಡದೆ. "ನಾ ಅಂತೂ ಅನ್ನಾಂಗಿಲ್ಲ."